ಬೆರಳಿಗೆ ಯಾರು ಹೊಣೆ?

ಕಂತು ಒಂಬತ್ತು: ಪುಟದ ತಳದ ಸಣ್ಣಕ್ಷರ

"ಇದು ನನ್ನ ಕೆಲಸ ಅಲ್ಲ ತಾಯಿ," ಎಂದರು ಲಗ್ಗೆರೆಯ ಹಳೆಯ ಮುದ್ರಕ ಪಾಪಯ್ಯ.

ಎಪ್ಪತ್ನಾಲ್ಕರ ಕಾನೂನು ಪತ್ರಿಕೆಯ ಆ ಪುಟವನ್ನು ಅವರು ಓದಿರಲಿಲ್ಲ. ಕನ್ನಡಕ ಇನ್ನೂ ಜೇಬಿನಲ್ಲೇ ಇತ್ತು. ಕಣ್ಣು ಮುಚ್ಚಿಕೊಂಡು ಹಾಳೆಯ ಮೇಲೆ ಬೆರಳು ಎಳೆದಿದ್ದರು, ಅಷ್ಟೆ.

"ಓದದೇ ಇರೋ ಪುಟದ ಬಗ್ಗೆ ಹೇಗೆ ಹೇಳ್ತೀರಿ?" ಎಂದೆ.

"ಓದೋದೇನೈತೆ ಇದ್ರಾಗೆ? ಹಿಂದಿನ ಹಾಳೆ ಮುಟ್ಟಿ. ಮುಟ್ಟಿದ್ರಾ? ಈಗ ಇದನ್ನ ಮುಟ್ಟಿ."

ಮುಟ್ಟಿದೆ. ನಲವತ್ತನೆಯ ಪುಟದಲ್ಲಿ ಪ್ರತಿ ಸಾಲೂ ಬೆರಳಿಗೆ ತಾಕುತ್ತಿತ್ತು. ಸೀಸದ ಅಚ್ಚುಮೊಳೆಗಳು ಕಾಗದವನ್ನು ಒತ್ತಿ ಮಾಡಿದ ಸಣ್ಣ ಗುಳಿಗಳು. ನಲವತ್ತೊಂದನೆಯ ಪುಟ ನುಣ್ಣಗಿತ್ತು. ನಲವತ್ನಾಲ್ಕರವರೆಗೂ ಹಾಗೆಯೇ. ನಲವತ್ತೈದರಿಂದ ಮತ್ತೆ ಗುಳಿಗಳು ಶುರು.

"ಈ ನಾಲ್ಕು ಪುಟ ಆಫ್‌ಸೆಟ್ನಾಗೆ ಹೊಡ್ದಿರೋದು, ಅದ್ರಾಗೆ ಮೊಳೆ ಒತ್ತಾಕಿಲ್ಲ. ಎಪ್ಪತ್ನಾಲ್ಕರಾಗೆ ಲಗ್ಗೆರೇಲಿ ಆಫ್‌ಸೆಟ್ ಎಲ್ಲಿತ್ತು? ಇದ್ದಿದ್ದು ಇದೊಂದೇ." ಮೂಲೆಯಲ್ಲಿ ಗೋಣಿತಟ್ಟು ಹೊದ್ದು ನಿಂತಿದ್ದ ಟ್ರೆಡಲ್ ಮಷೀನಿನ ಕಡೆ ಗದ್ದ ತೋರಿಸಿದರು. "ಕಾಲಲ್ಲಿ ತುಳೀಬೇಕು, ಕೈಯಲ್ಲಿ ಹಾಳೆ ಕೊಡಬೇಕು. ನಿಮ್ಮ ಜರ್ನಲ್ಲು ಎಂಟು ವರ್ಷ ಇದ್ರ ಮೇಲೇ ಬಂತು."

ಪೊಲೀಸ್ ಇಲಾಖೆಯ ದಸ್ತಾವೇಜು ವಿಭಾಗದಲ್ಲಿ ಇಪ್ಪತ್ತಾರು ವರ್ಷ ಭೂತಗನ್ನಡಿ ಹಿಡಿದು ಕೂತವಳು ನಾನು. ಅನುಸೂಯಮ್ಮನ ಕಣ್ಣಿಗೆ ಬಿದ್ದ ಸುಳ್ಳು ಸಹಿ ತಪ್ಪಿಸಿಕೊಂಡದ್ದಿಲ್ಲ ಎಂದು ಹಿಂದಿನಿಂದ ಹೊಗಳುತ್ತಿದ್ದರು, ಮುಂದಿನಿಂದ ಬೈಯುತ್ತಿದ್ದರು. ಈ ಮುದುಕರು ಬರಿ ಬೆರಳಿನಿಂದ ನನ್ನನ್ನು ಸೋಲಿಸಿದರಲ್ಲ ಎಂದು ಒಂದು ಕ್ಷಣ ಹೊಟ್ಟೆಕಿಚ್ಚಾಯಿತು.

ಆದರೆ ಹೊಟ್ಟೆಕಿಚ್ಚು ಪಡಲೂ ಪುರುಸೊತ್ತಿರಲಿಲ್ಲ. ಅಂದು ಶನಿವಾರ. ಸೋಮವಾರ ಹನ್ನೊಂದು ಗಂಟೆಗೆ ಕಾಲೇಜಿನ ಆಯ್ಕೆ ಸಮಿತಿ ಕೂರುತ್ತದೆ. ಅಷ್ಟರೊಳಗೆ "ಬೆರಳಿಗೆ ಯಾರು ಹೊಣೆ?" ಎಂಬ ಲೇಖನ ಬರೆದವಳು ಭಾಗ್ಯಮ್ಮ ಎಂದು ರುಜುವಾತು ಮಾಡದಿದ್ದರೆ, ಅವಳಿಗೆ ಉಪನ್ಯಾಸಕಿ ಕೆಲಸ ತಪ್ಪುವುದಷ್ಟೇ ಅಲ್ಲ, ಪರರ ಲೇಖನ ಕದ್ದವಳೆಂದು ವಕೀಲಿಕೆಯ ಸನದೂ ಹೋಗುತ್ತದೆ.

ಭಾಗ್ಯಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು. ಮೂವತ್ತಾರು ವರ್ಷ, ಇಸ್ತ್ರಿ ಮಾಡಿದ ಹತ್ತಿ ಸೀರೆ, ಮುಖದಲ್ಲಿ ಗೆರೆ ಕೂಡ ಅಲುಗದ ಹಟ. ಎಪ್ಪತ್ತರ ದಶಕದಲ್ಲಿ ಹಗಲು ಪೀಣ್ಯದ ಕಾರ್ಖಾನೆಯೊಂದರಲ್ಲಿ ಡಬ್ಬಿಗೆ ಬೋಲ್ಟು ತುಂಬುತ್ತ, ಸಂಜೆ ಕಾನೂನು ಓದಿದವಳು.

"ನುಣ್ಣಗಿರೋ ನಾಲ್ಕು ಪುಟಾನೇ ನನ್ನ ಲೇಖನ," ಎಂದಳು. "ಹೆಸರು ಮಾತ್ರ ಈಗಿನ ಸಂಪಾದಕ ವೆಂಕಟೇಶಪ್ಪನವ್ರದು. ಇನ್ನೊಂದು ವಿಷಯ ಮೇಡಂ. ನಲ್ಲನ ಕೈ ಬಗ್ಗೆ ನಾನು ಬರ್ದಿದ್ದ ಪ್ಯಾರಾನೇ ಇಲ್ಲ. ಆ ಕಾರ್ಖಾನೆ ಹೆಸರೂ ಇಲ್ಲ."

ನಲ್ಲಪ್ಪ ಅವಳ ತಮ್ಮ. ಎಪ್ಪತ್ಮೂರರಲ್ಲಿ ತಗಡು ಒತ್ತುವ ಯಂತ್ರ ಅವನ ಬಲಗೈಯ ಮೂರು ಬೆರಳು ತಿಂದಿತ್ತು. ಕೆಲಸ ಬೇಗ ಸಾಗಲೆಂದು ಮಾಲೀಕರೇ ಯಂತ್ರದ ರಕ್ಷಣಾ ತಡೆ ಬಿಚ್ಚಿಸಿದ್ದರು. ಗುತ್ತಿಗೆಯ ಆಳು, ನಮಗೆ ಸಂಬಂಧವಿಲ್ಲ ಎಂದುಬಿಟ್ಟಿದ್ದರು. ಆ ಸಿಟ್ಟಿನಲ್ಲೇ ಅಕ್ಕ ಲೇಖನ ಬರೆದದ್ದು. ಈ ಒಂದು ವಾರ ಅವನೇ ನಮ್ಮ ಜೊತೆ ಓಡಾಡಿ, ಸಂಪುಟಗಳನ್ನು ಹೊತ್ತು ತಂದಿದ್ದ. ಹೋದ ವರ್ಷ ಅದೇ ಕಾರ್ಖಾನೆಯ ಗೇಟಿನಲ್ಲಿ ಕಾವಲು ಕೆಲಸ ಕಾಯಂ ಆಯಿತೆಂದು ಮೊನ್ನೆ ನನಗೆ ಪೇಡ ತಂದುಕೊಟ್ಟಿದ್ದ. ಎರಡು ತಿಂದಿದ್ದೆ.

"ಕಟ್ಟಿ ಇಡ್ಲಾ ಮೇಡಂ?" ಎಂದ ನಲ್ಲಪ್ಪ.

"ಇರಪ್ಪ, ಇನ್ನೊಂದು ನೋಡಬೇಕು."

ಮೂರು ಸಂಪುಟಗಳನ್ನೂ ಅಕ್ಕಪಕ್ಕ ಬಿಚ್ಚಿಟ್ಟೆ. ಒಂದು ಭಾಗ್ಯಮ್ಮನದು, ಒಂದು ಕಾಲೇಜು ಗ್ರಂಥಾಲಯದ್ದು, ಒಂದು ರಾಜಗೋಪಾಲನಗರದ ನಿವೃತ್ತ ವಕೀಲರದು. ಮೂರರಲ್ಲೂ ಬೆನ್ನಿನ ಹೊಲಿಗೆ ಅಗಲಿಸಿ ಇಣುಕಿದೆ.

"ನ್ಯಾಯಾಂಗಣ" ಎಂಬ ಈ ತ್ರೈಮಾಸಿಕ ಹುಟ್ಟಿದಾಗ ಅದಕ್ಕೆ ರಟ್ಟೂ ಇರಲಿಲ್ಲ. ಸಂಜೆ ಕಾಲೇಜಿನ ಮೇಷ್ಟ್ರು ಹನುಮಂತರಾಯಪ್ಪ ಎಪ್ಪತ್ತೊಂದರಲ್ಲಿ ಸೈಕ್ಲೋಸ್ಟೈಲ್ ಮಾಡಿ, ಕಾರ್ಮಿಕರ ಮನೆಗಳಿಗೆ ಸೈಕಲ್ಲಿನಲ್ಲಿ ಹೋಗಿ ಹಂಚುತ್ತಿದ್ದರಂತೆ. ಎಪ್ಪತ್ಮೂರರಿಂದ ಪಾಪಯ್ಯನ ಮಷೀನು. ನೂರು ಪ್ರತಿ, ಎರಡು ಪಿನ್ನು, ತೆಳು ಹೊದಿಕೆ, ಅದರ ಮೇಲೆ ಲೇಖನಗಳ ಪಟ್ಟಿ, ಕೆಳಗೆ "ಖಾಸಗಿ ಪ್ರಸಾರಕ್ಕೆ ಮಾತ್ರ". ಎಂಬತ್ತೊಂದರಲ್ಲಿ ಮೇಷ್ಟ್ರು ತೀರಿಕೊಂಡರು. ವೆಂಕಟೇಶಪ್ಪ ಸಂಪಾದಕರಾದರು. ಆಫ್‌ಸೆಟ್ ಬಂತು, ಹೊಳೆಯುವ ರಟ್ಟು ಬಂತು, ಹಿಂಬದಿಯಲ್ಲಿ ಕಾರ್ಖಾನೆಗಳ ಜಾಹೀರಾತು ಬಂತು.

ಹೋದ ವರ್ಷ, ಎಂಬತ್ನಾಲ್ಕರಲ್ಲಿ, ಪತ್ರಿಕೆ ಚಂದಾದಾರರಿಗೆಲ್ಲ ಕಾಗದ ಬರೆಯಿತು. ಹಳೆಯ ಸಂಚಿಕೆಗಳನ್ನು ತಂದುಕೊಡಿ, ವರ್ಷವಾರು ಬೈಂಡ್ ಮಾಡಿಸಿ, ಬೆನ್ನಿಗೆ ಚಿನ್ನದಕ್ಷರ ಹಾಕಿಸಿ, ಪುಕ್ಕಟೆ ವಾಪಸು ಕೊಡುತ್ತೇವೆ. ಜನ ಖುಷಿಯಿಂದ ಕೊಟ್ಟರು. ಭಾಗ್ಯಮ್ಮನ ಪ್ರತಿಯನ್ನು ನಲ್ಲಪ್ಪನೇ ಒಯ್ದು ಕೊಟ್ಟಿದ್ದ. ವಾಪಸು ಬಂದ ಸಂಪುಟವನ್ನು ಅವಳು ಅರಿಶಿನ ಹಚ್ಚಿ ಕಪಾಟಿನಲ್ಲಿಟ್ಟಳು. ಅರ್ಜಿಗೆ ನಕಲು ಬೇಕಾದಾಗ ತೆರೆದರೆ ಒಳಗೆ ಬೇರೆಯವರ ಹೆಸರು.

"ಇಲ್ಲಿ ನೋಡಿ," ಎಂದೆ. "ಬೈಂಡ್ ಮಾಡೋ ಮುಂಚೆ ಪ್ರತಿ ಸಂಚಿಕೆಗೂ ಪಿನ್ನು ಇತ್ತು. ಪಿನ್ನು ಕಿತ್ತು, ಆಮೇಲೆ ದಾರ ಹಾಕಿ ಹೊಲ್ದಿದಾರೆ. ಎಲ್ಲ ಹಾಳೇಲೂ ಪಿನ್ನಿನ ತೂತಿದೆ, ಸುತ್ತ ತುಕ್ಕಿನ ಕಲೆ ಇದೆ. ಈ ಹಾಳೇಲಿ ದಾರದ ತೂತು ಮಾತ್ರ."

ಭಾಗ್ಯಮ್ಮ ಬಗ್ಗಿ ನೋಡಿದಳು. "ಅಂದ್ರೆ ಬೈಂಡಿಂಗ್ ಹೊತ್ತಲ್ಲೇ ಬದಲಾಯಿಸಿದಾರೆ."

"ಮೂರರಲ್ಲೂ. ಹೊದಿಕೆ ಹೇಗೂ ಬೈಂಡ್ ಮಾಡೋರು ಕಿತ್ತು ಬಿಸಾಕ್ತಾರೆ. ಅದರ ಮೇಲಿದ್ದ ಪಟ್ಟಿನೂ ಹೋಯ್ತು. ಪಾಪಯ್ಯನವರೇ, ಬೈಂಡಿಂಗ್ ಮಾಡಿದ್ದು ಯಾರು?"

ಪಾಪಯ್ಯ ಮುಖ ಸಣ್ಣದು ಮಾಡಿಕೊಂಡರು. "ನಮ್ಮನೆಯೋಳೇ ತಾಯಿ, ಮುನಿಯಕ್ಕ. ಪಿನ್ನು ಹೊಡೆಯೋದು, ಹೊಲಿಯೋದು ಮೊದ್ಲಿಂದ್ಲೂ ಅವಳ್ದೇ. ನಾನು ಆಗ ಕಣ್ಣಿನ ಆಪರೇಷನ್ ಆಗಿ ಮಲಗಿದ್ದೆ. ಅವ್ಳಿಗೆ ಅಕ್ಷರ ಬರಾಕಿಲ್ಲ. ಹರಿದಿರೋ ಹಾಳೆ ತೆಗ್ದು ಇದನ್ನ ಹಾಕಮ್ಮ ಅಂದ್ರೆ ಹಾಕ್ತಾಳೆ. ಮೋಸ ಗೊತ್ತಿಲ್ಲ."

"ಅವರನ್ನ ಕರೀರಿ."

"ಬಾಗಲಗುಂಟೆಗೆ ಮಗಳ ಮನೆಗೆ ಹೋಗವ್ಳೆ. ನಾಲ್ಕು ಗಂಟೆಗೆ ಬರ್ತಾಳೆ." ಆಮೇಲೆ ಏನೋ ಹೊಳೆದವರಂತೆ ತಲೆ ಎತ್ತಿದರು. "ತಾಯಿ, ಒಂದು ಪ್ರತಿ ಬದಲಾಗಿರಾಕಿಲ್ಲ. ಆಯುಧಪೂಜೆ ದಿನ ಆ ವರ್ಷ ಹೊಡ್ದಿದ್ದರಲ್ಲಿ ಒಂದೊಂದು ತಗಂಡು ಮಷೀನ್ ಮುಂದೆ ಇಟ್ಟು ಪೂಜೆ ಮಾಡ್ತೀವಿ. ಕುಂಕುಮ ಬಿದ್ದ ಕಾಗದ ಮಾರೋ ಅಂಗಿಲ್ಲ, ತೂಕಕ್ಕೆ ಹಾಕೋ ಅಂಗಿಲ್ಲ. ಎಲ್ಲಾನೂ ಬಟ್ಟೇಲಿ ಕಟ್ಟಿ ಇಟ್ಟವ್ಳೆ. ಎಲ್ಲಿ ಅಂತ ಅವ್ಳಿಗೇ ಗೊತ್ತು."

ಭಾಗ್ಯಮ್ಮ ನನ್ನ ಮೊಣಕೈ ಹಿಡಿದುಕೊಂಡಳು.

ನಲ್ಲಪ್ಪ ಸಂಪುಟಗಳನ್ನು ಜೋಡಿಸಿ ಸುತ್ತಲೂ ದಾರ ಹಾಕಿದ. ಎಡಗೈಯಲ್ಲಿ ಒಂದು ತುದಿ, ಹಲ್ಲಿನಲ್ಲಿ ಇನ್ನೊಂದು ತುದಿ. ತಲೆಯನ್ನು ಪಕ್ಕಕ್ಕೆ ಕೊಡವಿ ಬಿಗಿಯಾಗಿ ಗಂಟೆಳೆದ. ಮೂರು ಬೆರಳಿಲ್ಲದ ಕೈಗೆ ಅದು ಹನ್ನೆರಡು ವರ್ಷದ ಅಭ್ಯಾಸ.

"ನಾಲ್ಕಕ್ಕೆ ಇಲ್ಲಿಗೇ ಬನ್ನಿ ಇಬ್ರೂ," ಎಂದೆ. "ಅಷ್ಟ್ರಲ್ಲಿ ನಾನು ಸಂಪಾದಕರನ್ನ ಮಾತಾಡ್ಸಿ ಬರ್ತೀನಿ." ಭಾಗ್ಯಮ್ಮನ ಸಂಪುಟವನ್ನು ಕಟ್ಟಿನಿಂದ ಎಳೆದು ನನ್ನ ಚೀಲಕ್ಕೆ ಹಾಕಿಕೊಂಡೆ. ಪಾಪ, ನಲ್ಲಪ್ಪ ಮತ್ತೆ ಗಂಟು ಹಾಕಬೇಕಾಯಿತು.

*

ಪೀಣ್ಯ ಮೊದಲನೆಯ ಹಂತದಲ್ಲಿ ಹೊಸ ಆಫ್‌ಸೆಟ್ ಮುದ್ರಣಾಲಯದ ಮಹಡಿ ಮೇಲೆ ವೆಂಕಟೇಶಪ್ಪನವರ ಕಚೇರಿ. ಕೆಳಗೆ ಯಂತ್ರಗಳು ಓಡಿದರೆ ಮೇಲೆ ಮೇಜಿನ ಗಾಜು ಸಣ್ಣಗೆ ಗುಂಯ್‌ಗುಡುತ್ತದೆ. ಗೋಡೆಯಲ್ಲಿ ಹನುಮಂತರಾಯಪ್ಪನವರ ಫೋಟೋ, ಅದಕ್ಕೆ ಗಂಧದ ಹಾರ. ಮೇಜಿನ ಮೇಲಿದ್ದ ಹೊಸ ಸಂಚಿಕೆಯ ಹಿಂಬದಿಯನ್ನು ನೋಡಿದೆ. ಪೂರ್ತಿ ಪುಟದ ಜಾಹೀರಾತು. ನಲ್ಲಪ್ಪನ ಬೆರಳು ಹೋದ ಕಾರ್ಖಾನೆಯದೇ.

"ಬನ್ನಿ ಮೇಡಂ. ಭಾಗ್ಯಮ್ಮನವರ ಕಡೆಯಿಂದ ಬಂದಿದೀರಿ, ಗೊತ್ತು." ವೆಂಕಟೇಶಪ್ಪ ನಕ್ಕರು. ಸಫಾರಿ ಸೂಟು, ಜೇಬಿನಲ್ಲಿ ಎರಡು ಪೆನ್ನು. "ಏನು ಬೇಕಾದ್ರೂ ಕೇಳಿ. ನಾನು ಬಚ್ಚಿಡೋನಲ್ಲ."

ಹೆದರಿದವನನ್ನು ಮಾತಾಡಿಸುವುದು ಕಷ್ಟ. ತನ್ನನ್ನು ತಾನೇ ಮೆಚ್ಚಿಕೊಂಡವನನ್ನು ಸುಮ್ಮನಿರಿಸುವುದು ಕಷ್ಟ. ಇವರು ಎರಡನೆಯ ಜಾತಿ ಎಂದು ಕಂಡಕೂಡಲೇ ಗೊತ್ತಾಯಿತು.

"ಕೇಳೋದು ಏನೂ ಇಲ್ಲ ಸಾರ್. ಒಂದು ವಾರದಿಂದ ಹಳೇ ಸಂಚಿಕೆ ತಿರುವಿ ಹಾಕ್ತಿದೀನಿ. ಸೈಕ್ಲೋಸ್ಟೈಲ್ ಹಾಳೆ ಇಷ್ಟು ಚೆಂದದ ಜರ್ನಲ್ ಆಗಿದ್ದು ಹೇಗೆ ಅಂತ ಆಶ್ಚರ್ಯ."

ಅಷ್ಟು ಸಾಕಾಯಿತು.

"ಸುಮ್ನೆ ಆಗ್ಲಿಲ್ಲ ಮೇಡಂ. ಮೊದ್ಲು ಓದಿದ್ರೆ ಕೈಯೆಲ್ಲ ಮಸಿ! ಮೇಷ್ಟ್ರು ಒಳ್ಳೇವ್ರು, ಆದ್ರೆ ಅವ್ರಿಗೆ ಜರ್ನಲ್ ಅಂದ್ರೆ ಕರಪತ್ರ ಇದ್ದ ಹಾಗೆ. ಶಿಸ್ತು ತಂದಿದ್ದು ನಾನು. ಸಲಹಾ ಮಂಡಳಿ, ತೀರ್ಪುಗಳ ಸೂಚಿ, ಇಂಗ್ಲಿಷ್ ವಿಭಾಗ."

"ಅಡಿಟಿಪ್ಪಣಿ?"

"ಅದಂತೂ ನನ್ನ ಕೂಸು!" ಕುರ್ಚಿ ಮುಂದಕ್ಕೆಳೆದುಕೊಂಡರು. "ಮುಂಚೆ ಆಧಾರ, ಉಲ್ಲೇಖ ಎಲ್ಲಾನೂ ಲೇಖನದ ಕೊನೇಲಿ ಒಟ್ಟಿಗೆ ತುರುಕ್ತಿದ್ರು. ಪುಟದ ತಳದಲ್ಲಿ ಹಾಕಿ ಅಂತ ಮೇಷ್ಟ್ರ ಹತ್ರ ಎಷ್ಟು ಜಗಳ ಆಡಿದೀನಿ! ಪಾಪಯ್ಯನ ಹತ್ರ ಸಣ್ಣ ಮೊಳೆ ಇಲ್ಲ ಕಣಯ್ಯ ಅನ್ನೋರು. ಕೊನೆಗೆ ನಾನೇ ಮದ್ರಾಸಿಗೆ ಹೋಗಿ ತಂದೆ. ಎಪ್ಪತ್ತೊಂಬತ್ತರ ಜನವರಿ ಸಂಚಿಕೆ, ಮೊದಲ ಅಡಿಟಿಪ್ಪಣಿ."

"ಅದಕ್ಕೂ ಮುಂಚೆ ಯಾವ ಪುಟದಲ್ಲೂ ಇರ್ಲಿಲ್ವಾ?"

"ಒಂದರಲ್ಲೂ ಇಲ್ಲ. ಬೇಕಾದ್ರೆ ಬರ್ಕೊಡ್ಲಾ?"

"ಬರ್ಕೊಡಿ ಸಾರ್. ಮರೆತುಹೋಗೋ ವಿಷಯ ಅಲ್ಲ ಇದು."

ಆ ಮನುಷ್ಯ ಬರೆದೇ ಕೊಟ್ಟರು! ಪತ್ರಿಕೆಯ ಹೆಸರಿದ್ದ ಕಾಗದದ ಮೇಲೆ, ದುಂಡಗಿನ ಅಕ್ಷರದಲ್ಲಿ, ದಿನಾಂಕ ಹಾಕಿ, ಸಹಿ ಮಾಡಿ. ನನಗೆ ಒಳಗೊಳಗೇ ಕುಣಿಯುವಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಕಾಗದ ಮಡಚಿ ಚೀಲದೊಳಗಿಟ್ಟೆ. ಅದೇ ಚೀಲದಿಂದ ಸಂಪುಟ ತೆಗೆದು ಎಪ್ಪತ್ನಾಲ್ಕರ ಅಕ್ಟೋಬರ್ ಸಂಚಿಕೆ, ನಲವತ್ತೊಂದನೆಯ ಪುಟ ಬಿಡಿಸಿ ಅವರ ಮುಂದಿಟ್ಟೆ.

"ನಿಮ್ಮ ಹೆಸರಿನ ಲೇಖನ. ತಳದಲ್ಲಿ ಓದಿ."

ಪುಟದ ತಳದಲ್ಲಿ ಒಂದು ಅಡ್ಡಗೆರೆ. ಅದರ ಕೆಳಗೆ ಅಚ್ಚುಕಟ್ಟಾಗಿ, ಸಣ್ಣ ಅಕ್ಷರದಲ್ಲಿ, ಒಂದು, ಎರಡು, ಮೂರು. ನಾಲ್ಕು ಪುಟದಲ್ಲಿ ಒಟ್ಟು ಹನ್ನೊಂದು ಅಡಿಟಿಪ್ಪಣಿ. ಪದ್ಧತಿ ಹುಟ್ಟುವ ನಾಲ್ಕು ವರ್ಷ ಮೊದಲೇ.

ಹೊಸ ಹಾಳೆ ಮಾಡಿಸುವಾಗ ಅವರ ಕೈ ತನ್ನ ಅಭ್ಯಾಸ ಬಿಡಲಿಲ್ಲ. ಟಿಪ್ಪಣಿಯನ್ನು ಕೊನೆಯಲ್ಲಿ ತುರುಕಲು ಅವರಿಗೆ ಮನಸ್ಸೇ ಬಂದಿರಲಾರದು.

ವೆಂಕಟೇಶಪ್ಪ ಹಾಳೆ ತಿರುವಿ ನಾಲ್ಕೂ ಪುಟದ ತಳ ನೋಡಿದರು. ನಗು ಹೋಗಿತ್ತು. ಆದರೆ ವಕೀಲಿ ಬುದ್ಧಿ ಹೋಗಿರಲಿಲ್ಲ.

"ಸರಿ. ಹಾಳೆ ಹರಿದಿತ್ತು, ಮತ್ತೆ ಪ್ರಿಂಟ್ ಮಾಡಿಸಿದ್ವಿ ಅಂತೀನಿ. ಹೊಸ ಪದ್ಧತೀಲಿ ಜೋಡಿಸಿದಾರೆ. ಹೆಸರು ಮೊದಲಿದ್ದದ್ದೇ. ಅಲ್ಲ ಅನ್ನೋಕೆ ಏನಿದೆ?"

"ಮೂರು ಸಂಪುಟದಲ್ಲೂ ಅದೇ ನಾಲ್ಕು ಪುಟ ಹರೀತಾ?"

"ಇಲಿ ಕಡೀತು. ಏನೀಗ?"

"ಹಳೇ ಪ್ರತಿ ತರ್ತೀನಿ."

"ತನ್ನಿ. ಪಾಪಯ್ಯನ ಗೂಡಲ್ಲಿ ಆ ಮೊಳೆ ಈಗ್ಲೂ ಇದೆ, ಮಷೀನೂ ಇದೆ. ನಿನ್ನೆ ಹೊಡೆದಿದ್ದು ಅಂತೀನಿ. ತುಕ್ಕು, ಗಿಕ್ಕು ಅಂತ ನೀವು ಹೇಳಿದ್ರೆ, ನೀವು ಅವ್ರ ಕಡೆಯೋರು ಅಂತೀನಿ." ಬೆರಳಿನಿಂದ ಮೇಜು ತಟ್ಟಿದರು. "ಕಾನೂನಲ್ಲಿ ಕಾಗದ ಒಂದೇ ಸಾಲಲ್ಲ ಮೇಡಂ. ಹಾಳೆ ತಗೊಂಡ್ಹೋಗಿ ಬೈಂಡಿಂಗಿಗೆ ಕೊಟ್ಟ ಕೈ ಯಾವುದು? ಅದನ್ನ ಸೋಮವಾರ ಸಮಿತಿ ಮುಂದೆ ತಂದು ನಿಲ್ಲಿಸಿ. ಆಗ ನಾನು ಸೋತೆ."

"ನಿಲ್ಲಿಸ್ತೀನಿ."

ನಾನು ಎದ್ದೆ. ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಅವರ ದನಿ ಬಂತು, ಮೆತ್ತಗೆ.

"ಆ ಕೈ ನೋಡೋಕೆ ಭಾಗ್ಯಮ್ಮನವ್ರಿಗೆ ಇಷ್ಟ ಇದೆಯಾ, ಮೊದ್ಲು ಕೇಳಿ."

ಬೆದರಿಕೆ ಎಂದುಕೊಂಡೆ. ಇಪ್ಪತ್ತಾರು ವರ್ಷದಲ್ಲಿ ಇಂಥ ಬೆದರಿಕೆ ಬೇಕಾದಷ್ಟು ಕೇಳಿದ್ದೇನೆ ಎಂದು ಲೂನಾ ಸ್ಟಾರ್ಟ್ ಮಾಡಿದೆ. ನನ್ನ ದಡ್ಡತನಕ್ಕೆ ಏನು ಹೇಳಲಿ!

*

ನಾಲ್ಕೂಕಾಲು ಗಂಟೆಗೆ ಲಗ್ಗೆರೆ ತಲುಪಿದಾಗ ನಲ್ಲಪ್ಪ ಹೊರಗೆ ಜಗಲಿಯ ಮೇಲೆ ಒಬ್ಬನೇ ಕೂತಿದ್ದ. ಬೀಡಿ ಹಚ್ಚಿದ್ದ, ಸೇದುತ್ತಿರಲಿಲ್ಲ.

"ಯಾಕಪ್ಪ, ಒಳಗೆ ಹೋಗಿಲ್ವಾ?"

"ಒಳಗೆ ಸೆಕೆ ಮೇಡಂ."

ಒಳಗೆ ಮುನಿಯಕ್ಕ ಹಿತ್ತಿಲ ಬಾಗಿಲಿಂದ ಆಗಷ್ಟೇ ಬಂದಿದ್ದರು. ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಬೈಂಡಿಂಗ್ ಸೂಜಿ ಹಿಡಿದು ತೋರುಬೆರಳ ತುದಿ ಜಡ್ಡುಗಟ್ಟಿತ್ತು. ಪಾಪಯ್ಯ ವಿಷಯ ಹೇಳಿದ್ದೇ ತಡ, ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಿಂದ ಹಳದಿ ಬಟ್ಟೆಯ ಗಂಟು ಇಳಿಸಿದರು. ಬಿಚ್ಚಿದಾಗ ಕರ್ಪೂರದ ಕಮಟು ವಾಸನೆ.

ಮದುವೆ ಕರೆಯೋಲೆ, ಕಾರ್ಖಾನೆಯ ರಸೀದಿ ಪುಸ್ತಕ, ಚುನಾವಣೆಯ ಚೀಟಿ. ಅವುಗಳ ನಡುವೆ ತೆಳು ಹೊದಿಕೆಯ ಒಂದು ಸಂಚಿಕೆ. ಎಪ್ಪತ್ನಾಲ್ಕು, ಅಕ್ಟೋಬರ್. ಹೊದಿಕೆಯ ಮೇಲೆ ಒಣಗಿ ಕಂದಾದ ಕುಂಕುಮ. ಎರಡು ಪಿನ್ನುಗಳೂ ತುಕ್ಕು ಹಿಡಿದು ಹಾಗೇ ಇದ್ದವು.

ನಾನು ಮುಟ್ಟಲಿಲ್ಲ. ಭಾಗ್ಯಮ್ಮನಿಗೇ ಎತ್ತಿಕೊಳ್ಳಲು ಹೇಳಿದೆ.

ಅವಳು ನಲವತ್ತೊಂದನೆಯ ಪುಟ ತೆರೆದಳು. ತಳದಲ್ಲಿ ಗೆರೆ ಇರಲಿಲ್ಲ, ಸಣ್ಣಕ್ಷರ ಇರಲಿಲ್ಲ. ತಲೆಬರಹದ ಕೆಳಗೆ ದಪ್ಪ ಮೊಳೆಯಲ್ಲಿ, ಒಂದಕ್ಷರ ಸ್ವಲ್ಪ ಸೊಟ್ಟಗೆ ಕೂತು, ಅವಳ ಹೆಸರು ಇತ್ತು: ಭಾಗ್ಯಮ್ಮ, ಅಂತಿಮ ವರ್ಷದ ವಿದ್ಯಾರ್ಥಿನಿ.

ಅವಳು ಅಳಲಿಲ್ಲ. ಹೆಸರಿನ ಮೇಲೆ ಬೆರಳಿಟ್ಟು, ಪಾಪಯ್ಯನ ಹಾಗೆ ಗುಳಿಗಳನ್ನು ಮುಟ್ಟಿ ನೋಡಿದಳು.

"ಇದು ಅರ್ಧ," ಎಂದೆ. "ನಿನ್ನೆ ಹೊಡೆದಿದ್ದು ಅಂತ ಅವ್ರು ವಾದ ಮಾಡ್ತಾರೆ. ಮುನಿಯಕ್ಕ, ಹೋದ ವರ್ಷ ಬೈಂಡಿಂಗ್ ಹೊತ್ತಲ್ಲಿ ಹೊಸ ಹಾಳೆ ತಂದ್ಕೊಟ್ಟಿದ್ದು ಯಾರು?"

"ಹೆಸ್ರು ಕೇಳ್ಲಿಲ್ಲ ಕಣವ್ವ. ಜರ್ನಲ್‌ನೋರು ಕಳ್ಸವ್ರೆ ಅಂದ. ಒಳ್ಳೇ ಮನ್ಸ. ದೊಡ್ಡ ಕಂತೆ ತಂದು, ಹರಿದಿರೋದು ತೆಗೆದು ಇದನ್ನ ಹಾಕಕ್ಕ ಅಂದ. ತೆಗೆದಿದ್ದನ್ನೆಲ್ಲಾ ಅವನೇ ಕಟ್ಕೊಂಡು ಹೋದ. ಅದರಾಗೆ ಹರಿದಿದ್ದು ಒಂದೂ ಕಾಣ್ಲಿಲ್ಲ ನಂಗೆ. ಓದಾಕೆ ಬರದೋಳು, ನಂಗ್ಯಾಕೆ ಅಂತ ಸುಮ್ಕಾದೆ."

"ನೋಡಿದ್ರೆ ಗುರುತು ಸಿಗುತ್ತಾ?"

"ಎಲ್ಲಿ ನೋಡಿದ್ರೂ ಸಿಗ್ತದೆ."

ಭಾಗ್ಯಮ್ಮ ತಲೆ ಎತ್ತಿದಳು. ಅವಳ ದನಿ ಕೋರ್ಟಿನ ದನಿಯಾಗಿತ್ತು. "ಸೋಮವಾರ ಸಮಿತಿ ಮುಂದೆ ಬಂದು ಇದನ್ನೇ ಹೇಳ್ತೀರಾ ಮುನಿಯಕ್ಕ? ಅವನು ಎಂಥಾ ದೊಡ್ಡವನೇ ಆಗಿರ್ಲಿ, ಬೆರಳು ತೋರಿಸಿ ಇವನೇ ಅಂತ ಹೇಳ್ತೀರಾ?"

"ಮಷೀನ್ ಮುಟ್ಟಿ ಆಣೆ ಮಾಡ್ಲಾ? ಬತ್ತೀನಿ, ಹೇಳ್ತೀನಿ."

"ಸಾಕು. ಯಾರೇ ಆಗಿರ್ಲಿ, ನಾನು ಬಿಡಲ್ಲ ಮೇಡಂ. ಹನ್ನೊಂದು ವರ್ಷದ ಹಿಂದೆ ಒಂದು ಪ್ರಶ್ನೆ ಕೇಳಿದ್ದೆ, ಹೊಣೆ ಯಾರು ಅಂತ. ಅದನ್ನೇ ಅಳಿಸಿದಾನೆ." ಸಂಚಿಕೆಯನ್ನು ಮತ್ತೆ ಹಳದಿ ಬಟ್ಟೆಯಲ್ಲಿ ಸುತ್ತಿ, ಬಾಗಿಲ ಕಡೆ ತಿರುಗಿ ಕೂಗಿದಳು. "ನಲ್ಲಾ! ಒಳಗೆ ಬಾರೋ. ಇದನ್ನ ಭದ್ರವಾಗಿ ಕಟ್ಟು."

ಮತ್ತೆ ಕೂಗಿದಳು.

ನಲ್ಲಪ್ಪ ತಲೆ ಬಗ್ಗಿಸಿಕೊಂಡೇ ಒಳಗೆ ಬಂದ. ಯಾರ ಮುಖವನ್ನೂ ನೋಡಲಿಲ್ಲ. ಅಕ್ಕನ ಕೈಯಿಂದ ಗಂಟು ತೆಗೆದುಕೊಂಡು ನೆಲದ ಮೇಲಿಟ್ಟ, ದಾರ ಸುತ್ತಿದ. ಒಂದು ತುದಿ ಎಡಗೈಯಲ್ಲಿ. ಇನ್ನೊಂದನ್ನು ಹಲ್ಲಿಗೆ ಕೊಟ್ಟು ತಲೆಯನ್ನು ಪಕ್ಕಕ್ಕೆ ಕೊಡವಿದ.

ಮುನಿಯಕ್ಕ ದೀಪದ ಸ್ವಿಚ್ಚು ಹಾಕಿ ಅವನನ್ನೇ ನೋಡಿದರು. ಅವರ ಮುಖ ಅರಳಿತು.

"ಅಯ್ಯೋ, ನೀನೇನಪ್ಪಾ! ಎಂಗಿದೀಯಾ? ಈ ಸಲಾನೂ ಹಾಳೆ ತಂದಿದೀಯೇನು?"

ದಾರ ಅವನ ಹಲ್ಲಿನಲ್ಲೇ ಉಳಿಯಿತು. ಭಾಗ್ಯಮ್ಮ ತಮ್ಮನ ಮುಖ ನೋಡಲಿಲ್ಲ. ಹನ್ನೊಂದು ವರ್ಷದ ಹಿಂದೆ ಅವಳನ್ನು ಪೆನ್ನು ಹಿಡಿಯುವಂತೆ ಮಾಡಿದ್ದ, ಮೂರು ಬೆರಳಿಲ್ಲದ ಅವನ ಬಲಗೈಯನ್ನೇ ನೋಡುತ್ತಿದ್ದಳು.